ಮಾತಲೆಯಲ್ಲಿ ಹೊಡೆಸಿಕೊಂಡ ಹನ್ನೆರಡು ಗೋಲು

ಶ್ರೀಲಂಕೆಯಿಂದ ಬಂದು ನಾಲ್ಕು ದಿನವಾಯಿತು. ಬಸ್‌ಸ್ಟ್ಯಾಂಡಿನಲ್ಲಿ, ಸ್ಟಾಫ್‌ರೂಮಿನಲ್ಲಿ, ಕಾಯಿಪಲ್ಲೆ ಸಂತೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು. “ಸಮುದ್ರ ನೋಡಿದ್ರೇನ್ರಿ ಮೇಡಂ? ಆನಿ ನೋಡಿದ್ರೇನ್ರಿ? ಸೀತವ್ವನ್ನ ಕುಂಡ್ರಿಸಿದ್ದ ಬನಾ ನೋಡಿದ್ರೇನ್ರಿ?” ಇಲ್ಲ, ನೋಡಲಿಲ್ಲ. ನಾನು ನೋಡಿದ್ದು ಹನ್ನೆರಡು ಗೋಲು. ನಾವು ಹೊಡೆದದ್ದಲ್ಲ, ಹೊಡೆಸಿಕೊಂಡದ್ದು. ಯಾವುದು ಎಡಗಡೆಯಿಂದ ಹೋಯಿತು, ಯಾವುದು ಬಲಗಡೆಯಿಂದ ಹೋಯಿತು ಎಂದು ಹನ್ನೆರಡನ್ನೂ ಬಿಡಿಸಿ ಹೇಳಬಲ್ಲೆ. ಹಲ್ಲು ಕಡಿದು ಕಡಿದು ದವಡೆ ಇನ್ನೂ ನೋಯುತ್ತಿದೆ.

ನಾನು ಚಿಕ್ಕೋಡಿಯ ಒಂದು ಡಿಗ್ರಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಹುಡುಗಿಯರ ಹಾಕಿ ತಂಡ ಕಟ್ಟಿದವಳು ನಾನೇ. ಕುಸ್ತಿ, ಕಬಡ್ಡಿ, ಖೋಖೋ ಬಿಟ್ಟರೆ ಬೇರೆ ಆಟವೇ ಇಲ್ಲ ಎನ್ನುವ ಸೀಮೆ ನಮ್ಮದು. ಹಾಕಿ ಎಂದರೆ “ಬಡಿಗಿ ಹಿಡಕೊಂಡ ಓಡ್ತಾರಲ್ರಿ, ಅದಾ?” ಎಂದು ಕೇಳುತ್ತಾರೆ. ಇಂಥವರ ನಡುವೆ ತಂಡ ಕಟ್ಟಬೇಕಾದರೆ ಸಿಟ್ಟು ಬೇಕು, ಅದು ನನ್ನ ಹತ್ತಿರ ಬೇಕಾದಷ್ಟಿದೆ. ಮೈದಾನದಲ್ಲಿ ನನ್ನ ಸೀಟಿಗಿಂತ ಮೊದಲು ಬೈಗುಳ ಕೇಳುತ್ತದೆ ಎಂದು ಹುಡುಗಿಯರು ಹಿಂದಿನಿಂದ ಆಡಿಕೊಳ್ಳುವುದೂ ನನಗೆ ಗೊತ್ತು.

ಹೋದ ವರ್ಷ ಲಂಕೆಯ ಮಾತಲೆ ಎಂಬ ಊರಿನ ಕಾಲೇಜು ಹುಡುಗಿಯರು ಬೆಳಗಾವಿಗೆ ಸ್ನೇಹಪಂದ್ಯ ಆಡಲು ಬಂದಿದ್ದರು. ನಮ್ಮವರು ಅವರಿಗೆ ರೊಟ್ಟಿ ಬಡಿಯಲು ಕಲಿಸಿ, ಶೇಂಗಾ ಹೋಳಿಗೆ ತಿನ್ನಿಸಿ ಕಳಿಸಿದರು. ಹೋಗುವಾಗ ಅವರು, ನೀವೂ ನಮ್ಮ ಊರಿಗೆ ಬನ್ನಿ ಎಂದರು. ಎಲ್ಲರೂ ಬಾಯಿಮಾತಿಗೆ ಹೇಳುವುದನ್ನು ಅವರು ಪತ್ರದಲ್ಲಿಯೂ ಬರೆದರು. ಹಾಗಾಗಿ ಈ ಹಂಗಾಮಿನ ಆರಂಭದಲ್ಲಿಯೇ ಮೂರು ಪಂದ್ಯ ಆಡಲು ನಾವು ಹೊರಟೆವು.

ಹೊರಡುವ ಮೊದಲು, ಚಿಕ್ಕೋಡಿ

ಹಂಗಾಮಿನ ಮೊದಲ ಪಂದ್ಯ ಅಥಣಿಯಲ್ಲಿತ್ತು. ಅಥಣಿ ನನ್ನ ತವರು. ತವರಿನವರ ಕಣ್ಣೆದುರು ನಾಲ್ಕು ಗೋಲು ಹೊಡೆಸಿಕೊಂಡು, ಅಣ್ಣನ ಮನೆಯಲ್ಲಿ ಚಹಾ ಕೂಡ ಕುಡಿಯದೆ ಬಂದೆ. ಎರಡನೆಯದು ನಿಪ್ಪಾಣಿಯಲ್ಲಿ. ಅಲ್ಲಿ ಐದು. ನಮ್ಮ ಹುಡುಗಿಯರು ಓಡುತ್ತಾರೆ, ಪಾಸು ಕೊಡುತ್ತಾರೆ, ಒಂದೆರಡು ಗೋಲನ್ನೂ ಹೊಡೆಯುತ್ತಾರೆ. ನಮ್ಮ ಗೋಲಿನ ಬಾಯಿ ಮಾತ್ರ ಧರ್ಮಛತ್ರದ ಬಾಗಿಲು, ಬಂದವರಿಗೆಲ್ಲ ಒಳಗೆ ಪ್ರವೇಶ.

ಗೋಲ್‌ಕೀಪರ್ ಸವಿತಾ ಕರೋಶಿಯವಳು, ಬಿ.ಎ. ಮೂರನೇ ವರ್ಷ. ಮನೆಯಲ್ಲಿ ಸ್ವಲ್ಪ ಹೊಲ, ಒಂದು ಹಿಂಡು ಕುರಿ. ಎತ್ತರದ ಹುಡುಗಿ, ಉದ್ದ ಕೈಕಾಲು, ಮಾತು ಕಡಿಮೆ. ಕಾಲಿನ ಮೇಲೆ ಬಂದ ಚೆಂಡನ್ನು ಗೋಡೆಯ ಹಾಗೆ ತಡೆಯುತ್ತಾಳೆ. ಒಂದು ಮಾರು ಆಚೆ ಹೋಗುವ ಚೆಂಡನ್ನು ಮಾತ್ರ ನಿಂತಲ್ಲಿಂದಲೇ ನೋಡುತ್ತಾಳೆ, ಬಸ್ಸು ತಪ್ಪಿಸಿಕೊಂಡವರು ನೋಡುವ ಹಾಗೆ. ಬೀಳುವುದಿಲ್ಲ, ಜಿಗಿಯುವುದಿಲ್ಲ. ನಾನು ಗಂಟಲು ಹರಿಯುವ ಹಾಗೆ ಕೂಗಿದರೂ ಕಂಬ ಕಂಬವೇ.

ಅವಳು ಗೋಲ್‌ಕೀಪರ್ ಆದದ್ದು ಹೇಗೆಂದು ಹೇಳಿಬಿಡುತ್ತೇನೆ. ನಮ್ಮ ಅಭ್ಯಾಸ ಬೆಳಗಿನ ಆರಕ್ಕೆ ಶುರು. ತಡವಾಗಿ ಬಂದವರು ಕಾಲಿಗೆ ಪ್ಯಾಡು ಕಟ್ಟಿಕೊಂಡು ಗೋಲಿನಲ್ಲಿ ನಿಲ್ಲಬೇಕು, ಉಳಿದವರು ಅವರತ್ತ ಚೆಂಡು ಬೀಸಿ ಹೊಡೆಯುತ್ತಾರೆ. ಇದು ನಾನೇ ಮಾಡಿದ ನಿಯಮ, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಒಂದು ದಿನ ನಿಂತವಳು ಮರುದಿನ ಐದೂಮುಕ್ಕಾಲಿಗೇ ಹಾಜರಾಗುತ್ತಿದ್ದಳು. ಸವಿತಾ ಒಬ್ಬಳು ಮಾತ್ರ ದಿನಾ ತಡ. ದಿನಾ ನಿಂತು ನಿಂತು ಆ ಜಾಗ ಅವಳದೇ ಆಯಿತು. ಯಾಕೆ ತಡವಾಗುತ್ತದೆ ಎಂದು ನಾನು ಕೇಳಲಿಲ್ಲ. ತಪ್ಪು ಮಾಡಿದವರನ್ನು ಕಾರಣ ಕೇಳುತ್ತ ಕೂಡುವ ಜಾಯಮಾನ ನನ್ನದಲ್ಲ.

ಚೆನ್ನೈ ವಿಮಾನ ನಿಲ್ದಾಣ

ಹದಿನಾರು ಹುಡುಗಿಯರು, ನಾನು, ಮತ್ತು ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿಗಳು. ಅವರು ‘ಮ್ಯಾನೇಜರ್’ ಎಂಬ ಹೆಸರಿನಲ್ಲಿ ಬಂದಿದ್ದರು. ರಾಯಬಾಗದಲ್ಲಿ ರೈಲು ಹತ್ತುವಾಗಲೇ ಅವರು ಕೇಳಿದ ಮೊದಲ ಪ್ರಶ್ನೆ: “ಮೇಡಂ, ಒಂದ ಕಡಿ ಎಷ್ಟ ಮಂದಿ ಆಡ್ತಾರ್ರಿ ಇದರಾಗ?” ಮೂರು ವರ್ಷದಿಂದ ಈ ತಂಡದ ಕಾಗದಪತ್ರಕ್ಕೆ ಸಹಿ ಹಾಕುತ್ತಿರುವ ಮನುಷ್ಯ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಚೆನ್ನೈಯಲ್ಲಿ ಅವರ ಬ್ಯಾಗಿನಿಂದ ಮೊದಲು ಹೊರಬಿದ್ದದ್ದು ಶೇಂಗಾ ಚಟ್ನಿಯ ಪುಡಿ, ಆಮೇಲೆ ಕಟಕ ರೊಟ್ಟಿಯ ಕಟ್ಟು, ಆಮೇಲೆ ಒಂದು ಡಬ್ಬಿ ಕೆಂಪು ಖಾರ. ತಪಾಸಣೆಯ ಅಧಿಕಾರಿ ಮೂಸಿ ನೋಡಿ ಸೀನಿದ, ಸೀನಿ ಮತ್ತೆ ಮೂಸಿದ. ನಮ್ಮ ಹಿಂದಿನ ಸಾಲೆಲ್ಲ ಸೀನಿತು. ಕಾರ್ಯದರ್ಶಿಗಳು “ಹೋಮ್ ಫುಡ್, ಹೋಮ್ ಫುಡ್” ಎನ್ನುತ್ತ ನಿಂತಿದ್ದರು. ಅರ್ಧ ತಾಸು ಇದರಲ್ಲಿಯೇ ಹೋಯಿತು.

ಮುಂದೆ ನಮ್ಮ ಗೋಲ್‌ಕೀಪರ್ ಸಾಮಾನಿನ ಚೀಲ ತೆರೆಸಿದರು. “ಕ್ರಿಕೆಟಾ?” ಎಂದ ಅಧಿಕಾರಿ. ಹಾಕಿ ಎಂದೆ. “ಓ, ಕ್ರಿಕೆಟ್ ಇಲ್ವಾ?” ಎಂದು ನನ್ನ ಬಗ್ಗೆ ಮರುಕಪಟ್ಟ. ಕಪಾಳಕ್ಕೆ ಬಾರಿಸಬೇಕೆನಿಸಿತು. ನಮ್ಮ ಪ್ಯಾಡುಗಳು ಹಳೆಯ ಕಾಲದವು, ಕ್ಯಾನ್ವಾಸಿನ ಒಳಗೆ ಹತ್ತಿ ತುಂಬಿದವು. ಕಾಲೇಜಿಗೆ ಇರುವುದೇ ಒಂದು ಜೋಡಿ. ಅವನು ಅವನ್ನು ತಿರುಗಿಸಿ ಮುರುಗಿಸಿ ನೋಡುವಾಗ ಒಳಬದಿಯಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ಕಪ್ಪು ಉಣ್ಣೆಯ ದಾರದ ಹೊಲಿಗೆ ಕಂಡಿತು.

ನನ್ನ ಅಪ್ಪ ಅಥಣಿಯಲ್ಲಿ ಚಪ್ಪಲಿ ಮಾಡುತ್ತಿದ್ದ. ಹೊಲಿಗೆ ನೋಡಿ ಇದು ಯಾರ ಕೈಯದು ಎಂದು ಹೇಳುವ ಮನೆಯಲ್ಲಿ ಬೆಳೆದವಳು ನಾನು. ಆ ಹೊಲಿಗೆ ಅಂಗಡಿಯದಲ್ಲ, ಯಾರೋ ಕುಳಿತು ಜೋಪಾನವಾಗಿ ಹಾಕಿದ್ದು ಎಂದು ನೋಡಿದ ಕೂಡಲೇ ತಿಳಿಯಿತು. ಯಾರು ಹೊಲಿದರು ಎಂದು ಕೇಳಬೇಕಿತ್ತು. ಆದರೆ ಆಗ ನನಗೆ ಆ ಅಧಿಕಾರಿಯ ಮೇಲೆ ಸಿಟ್ಟು, ಕಾರ್ಯದರ್ಶಿಗಳ ಖಾರದ ಡಬ್ಬಿಯ ಮೇಲೆ ಸಿಟ್ಟು. “ಲಗೂನ ತುಂಬ್ರೆ ಚೀಲಾ!” ಎಂದು ಹುಡುಗಿಯರ ಮೇಲೆ ಹರಿಹಾಯ್ದು ಮುಂದೆ ನಡೆದೆ.

ಕೊಲಂಬೊದಿಂದ ಮಾತಲೆಗೆ

ಲಂಕೆಯ ಬಸ್ಸುಗಳಲ್ಲಿ ಹಾಡು ನಮ್ಮ ಮದುವೆ ಮೆರವಣಿಗೆಗಿಂತ ಜೋರು. ನಮ್ಮಲ್ಲಿ ಕಿಟಕಿಯಿಂದ ಕರ್ಚೀಫ್ ಎಸೆದವರದೇ ಸೀಟು. ಅಲ್ಲಿ ಹಾಗಿಲ್ಲ, ಮುಂದಿನ ಸೀಟು ಬೌದ್ಧ ಭಿಕ್ಷುಗಳಿಗೆ ಮೀಸಲು. ಗೋಡೆಯ ಮೇಲೆ ಬರೆದೇ ಇರುತ್ತದೆ. ನಮ್ಮ ಕಾರ್ಯದರ್ಶಿಗಳು ನೇರವಾಗಿ ಹೋಗಿ ಅಲ್ಲಿಯೇ ಕಾಲು ಚಾಚಿ ಕುಳಿತರು. ಎರಡು ನಿಲ್ದಾಣ ದಾಟಿದ ಮೇಲೆ ಕಾವಿಯ ಒಬ್ಬ ಭಿಕ್ಷು ಹತ್ತಿದ. ಬಸ್ಸಿನವರೆಲ್ಲ ಸುಮ್ಮನೆ ಇವರನ್ನೇ ನೋಡತೊಡಗಿದರು. ಯಾರೂ ಬೈಯಲಿಲ್ಲ, ಎಬ್ಬಿಸಲಿಲ್ಲ. ಕಾರ್ಯದರ್ಶಿಗಳು ಅವನಿಗೆ ನಮಸ್ಕಾರ ಮಾಡಿ, “ಬರ್ರಿ ಸ್ವಾಮ್ಯಾರ, ಬಾಜೂಕ ಜಾಗಾ ಐತಿ” ಎಂದು ಸರಿದು ಕೂಡಿಸಿಕೊಳ್ಳಲು ನೋಡಿದರು. ಕೊನೆಗೆ ತಂಡದ ನಾಯಕಿ ಅಶ್ವಿನಿ ಅವರ ತೋಳು ಹಿಡಿದು ಎಬ್ಬಿಸಿದಳು.

ಅಶ್ವಿನಿ ಬೇಡಕಿಹಾಳದ ಬೌದ್ಧ ಮನೆತನದ ಹುಡುಗಿ, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಭಿಕ್ಷುವಿಗೆ ಅವಳು ಕೈಮುಗಿದ ರೀತಿ ನೋಡಿ ಪಕ್ಕದ ಹೆಂಗಸು ಸಿಂಹಳದಲ್ಲಿ ಏನೋ ಮಾತಾಡಿಸಿದಳು. ಅವಳ ಮಾತಿನಲ್ಲಿ ನಮಗೆ ತಿಳಿದದ್ದು ಎರಡೇ, ‘ಅಕ್ಕ’ ಮತ್ತು ‘ಅಯ್ಯೋ’. ಅಕ್ಕನಿಗೆ ಅಲ್ಲಿಯೂ ಅಕ್ಕ, ಅಯ್ಯೋ ಎನ್ನುವುದಕ್ಕೂ ಅಯ್ಯೋ. ಅಷ್ಟರಲ್ಲಿಯೇ ಅವರಿಬ್ಬರೂ ಮಾತಲೆಯವರೆಗೆ ಮಾತಾಡಿದರು.

ಊಟದ್ದೊಂದು ತಕರಾರು. ಎಲ್ಲದಕ್ಕೂ ತೆಂಗಿನಕಾಯಿ, ಬೇಳೆಗೂ ತೆಂಗಿನ ಹಾಲು. ಶಾವಿಗೆಯನ್ನು ಚಕ್ರದ ಹಾಗೆ ಸುತ್ತಿ ಬೇಯಿಸಿ ಬೆಳಿಗ್ಗೆಯೇ ಇಡುತ್ತಾರೆ. ಕೊಬ್ಬರಿಗೆ ಒಣಮೆಣಸಿನಕಾಯಿ ಅರೆದು ಮಾಡುವ ಒಂದು ಚಟ್ನಿ ಮಾತ್ರ ನಮ್ಮವರ ನಾಲಿಗೆಗೆ ಹತ್ತಿತು. ಚಹಾಕ್ಕೆ ಸಕ್ಕರೆ ಹಾಕದೆ ಒಂದು ತುಂಡು ಕರಿಬೆಲ್ಲ ಕೈಗೆ ಕೊಡುತ್ತಾರೆ, ಬೆಲ್ಲ ಕಚ್ಚುತ್ತ ಚಹಾ ಕುಡಿಯಬೇಕು. ಬೆಲ್ಲದ ಗಾಣಗಳ ನಡುವಿನಿಂದ ಬಂದ ಹುಡುಗಿಯರು ತಾಳೆಬೆಲ್ಲವನ್ನು ಪರೀಕ್ಷೆ ಮಾಡಿ, “ನಮ್ಮ ಕಡಿದ ಚಲೋ” ಎಂದು ತೀರ್ಪು ಕೊಟ್ಟು, ಇನ್ನೊಂದು ತುಂಡು ಕೇಳಿದರು.

ಮೊದಲ ಪಂದ್ಯ

ನೀಲಿ ಹಾಸಿನ ಮೈದಾನ. ಪಂದ್ಯಕ್ಕೆ ಮೊದಲು ಅದಕ್ಕೆ ನೀರು ಹೊಡೆಯುತ್ತಾರೆ. ನಾವು ಆಡುವುದು ಗರಸಿನ ನೆಲದಲ್ಲಿ, ಬಿದ್ದರೆ ಮೊಣಕಾಲಿನ ತೊಗಲು ನೆಲಕ್ಕೇ ಅಂಟಿಕೊಳ್ಳುತ್ತದೆ. ನಮ್ಮ ಹುಡುಗಿಯರು ಆ ಹಾಸನ್ನು ಬಗ್ಗಿ ಬಗ್ಗಿ ಮುಟ್ಟಿ ನೋಡಿದರು.

ಎದುರು ತಂಡದ ರೀತಿ ನೋಡಿ ನನಗೆ ಆಶ್ಚರ್ಯವಾಯಿತು. ಅವರ ಗೋಲ್‌ಕೀಪರಳ ಚೀಲವನ್ನು ಬೇರೆಯವರು ಹೊತ್ತು ತಂದರು. ಇಬ್ಬರು ಕಿರಿಯರು ಮೊಣಕಾಲೂರಿ ಅವಳ ಪ್ಯಾಡಿನ ಪಟ್ಟಿ ಬಿಗಿದರು. ಮೈದಾನಕ್ಕೆ ಅವಳು ಮೊದಲು ಇಳಿದಳು, ಉಳಿದವರು ಅವಳ ಹಿಂದೆ. ಅಲ್ಲಿ ಗೋಲಿನಲ್ಲಿ ನಿಲ್ಲುವುದಕ್ಕೆ ಹುಡುಗಿಯರು ವರ್ಷಗಟ್ಟಲೆ ಕಾಯುತ್ತಾರಂತೆ. ನಮ್ಮ ಸವಿತಾ ತನ್ನ ಚೀಲ ತಾನೇ ಹೊತ್ತು, ಪ್ಯಾಡು ತಾನೇ ಕಟ್ಟಿಕೊಂಡು, ಎಲ್ಲರಿಗಿಂತ ಹಿಂದೆ ಬಂದಳು.

ಅವರ ಗೋಲಿನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ಹೆಸರು ಕುಸುಮಾ. ಅರವತ್ತು ದಾಟಿದವಳು, ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ತರುಣಿಯಾಗಿದ್ದಾಗ ತಾನೂ ಗೋಲ್‌ಕೀಪರ್. ಈಗ ಅವಳಿಗೆ ಒಂದೇ ಉದ್ಯೋಗ, ಗೋಲ್‌ಕೀಪರಿಗೆ ಕಲಿಸುವುದು.

ಆರು ಗೋಲು. ನಾವು ಹೊಡೆದದ್ದು ಒಂದು. ಪ್ರತಿ ಗೋಲಿಗೂ ಆ ಕಡೆಯಿಂದ ಕುಸುಮಾಳ “ಅಯ್ಯೋ!” ಕೇಳುತ್ತಿತ್ತು. ತನ್ನ ತಂಡ ಗೋಲು ಹೊಡೆದರೆ ಇವಳಿಗೇನು ಅಯ್ಯೋ? ಅಣಕಿಸುತ್ತಿದ್ದಾಳೆ ಎಂದುಕೊಂಡೆ. ಪಂದ್ಯ ಮುಗಿದ ಮೇಲೆ ನಮ್ಮ ಪ್ಯಾಡು ನೋಡಿ, ಬೇಕಾದರೆ ನಮ್ಮ ಹೊಸ ಪ್ಯಾಡು ಕೊಡುತ್ತೇವೆ ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಉರಿದು ಹೋಯಿತು. ನಮ್ಮದು ನಮಗೆ ಸಾಕು ಎಂದು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿ ಬಂದೆ.

ಎರಡನೇ ಪಂದ್ಯ

ಐದು ಗೋಲು. ಐದರಲ್ಲಿ ಮೂರು ಸವಿತಾಳ ಪಕ್ಕದಲ್ಲಿಯೇ ಹೋದವು. ಮೈಚಾಚಿ ಬಿದ್ದಿದ್ದರೆ ಕೈಗೆ ಸಿಗುತ್ತಿದ್ದವು. ನಾನು ಗೆರೆಯ ಆಚೆಯಿಂದ ಕಿರುಚಿದೆ. “ಬೀಳ ಲೇ! ಅಲ್ಲೇನ ಕುರಿ ಕಾಯಾಕ ನಿಂತೀಯೇನ? ಬೀಳ!” ಮೂರು ವರ್ಷದಲ್ಲಿ ಇದೇ ಮಾತು ಎಷ್ಟು ಸಲ ಹೇಳಿದ್ದೇನೋ. ಅವಳು ಒಮ್ಮೆ ನನ್ನ ಕಡೆ ನೋಡಿದಳು, ಮತ್ತೆ ಹಾಗೆಯೇ ನಿಂತಳು.

ಪಂದ್ಯ ಮುಗಿದ ಮೇಲೆ ನಳದ ಹತ್ತಿರ ಅವಳು ಮುಖ ತೊಳೆಯುತ್ತಿದ್ದಳು. ನಾನು ಹೋಗಿ ಇನ್ನೊಂದು ಸುತ್ತು ಶುರು ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಮುಖ ಒರೆಸಿಕೊಂಡು ಹೇಳಿದಳು.

“ಊರಿಗಿ ಹೋದ ಮ್ಯಾಲ ನಾ ಹಾಕಿ ಬಿಡ್ತೀನ್ರಿ ಮೇಡಂ. ಗೋಲಿಗಿ ಬ್ಯಾರೆ ಯಾರನರ ನಿಂದರಸ್ರಿ.”

“ಬಿಡ! ನೀ ಬಿಟ್ರ ದುನಿಯಾ ಏನ ಮುಳಗಾಂಗಿಲ್ಲ!” ಎಂದೆ.

ದುನಿಯಾ ಮುಳುಗುವುದಿಲ್ಲ, ನಮ್ಮ ತಂಡ ಮುಳುಗುತ್ತದೆ. ವಸತಿಗೆ ನಡೆಯುತ್ತ ಉಳಿದ ಹದಿನೈದು ಮುಖಗಳನ್ನು ಒಂದೊಂದಾಗಿ ನೋಡಿದೆ. ಗೋಲಿನಲ್ಲಿ ನಿಲ್ಲುತ್ತೀಯಾ ಎಂದು ಕೇಳಿದ್ದು ಇಬ್ಬರನ್ನು. ಒಬ್ಬಳು ಅಳುವುದಕ್ಕೇ ಶುರು ಮಾಡಿದಳು. “ನಾ ಏನ ತಪ್ಪ ಮಾಡೇನ್ರಿ?” ಎಂದು ಕೇಳಿದಳು ಇನ್ನೊಬ್ಬಳು. ಊರಿಗೆ ಹೋದ ಕೂಡಲೇ ರಾಯಬಾಗದಲ್ಲಿ ಪಂದ್ಯ, ಆಮೇಲೆ ಕಾಗವಾಡದಲ್ಲಿ. ಗೋಲ್‌ಕೀಪರ್ ಇಲ್ಲದೆ ತಂಡದ ಹೆಸರನ್ನೇ ಬರೆದುಕೊಡಲು ಬರುವುದಿಲ್ಲ. ನನ್ನ ಮೂರು ವರ್ಷದ ದುಡಿಮೆ ಒಬ್ಬ ಹುಡುಗಿಯ ಹೂಂ, ಊಹೂಂ ಮೇಲೆ ನಿಂತಿತ್ತು, ಅವಳು ಊಹೂಂ ಎಂದಿದ್ದಳು.

ಹುಣ್ಣಿಮೆ

ಮೂರನೇ ಪಂದ್ಯದ ದಿನ ಹುಣ್ಣಿಮೆ ಬಂತು. ಲಂಕೆಯಲ್ಲಿ ಪ್ರತಿ ಹುಣ್ಣಿಮೆಗೂ ರಜೆ. ಜನ ಬಿಳಿ ಬಟ್ಟೆ ಉಟ್ಟು ವಿಹಾರಕ್ಕೆ ಹೋಗುತ್ತಾರೆ, ಆ ದಿನ ನಮಗೆ ಆಟ ಬೇಡ ಎಂದರು. ದಿನಾಂಕ ಗೊತ್ತುಮಾಡಿದವರು ನಮ್ಮ ಕಾರ್ಯದರ್ಶಿಗಳೇ. ಅವರಿಗೆ ಬಂತು ಸಿಟ್ಟು. “ಹುಣ್ಣಿವಿ ದಿನಾ ಆಟಾ ಇಲ್ಲಂದ್ರ ಹೆಂಗ್ರಿ? ನಮ್ಮಲ್ಲಿ ಹುಣ್ಣಿವಿ ದಿನಾನ ಕುಸ್ತಿ ಇಡ್ತಾರ!” ಪಂದ್ಯ ಮರುದಿನಕ್ಕೆ ಹೋಯಿತು. ಅಶ್ವಿನಿ ಬಿಳಿ ಸಲ್ವಾರ್ ಹಾಕಿಕೊಂಡು ಅವರ ಜೊತೆ ವಿಹಾರಕ್ಕೆ ಹೋದಳು. ತಾನು ಮನೆಯಲ್ಲಿ ಹೇಳುವ ವಂದನೆಯನ್ನೇ ಅವರೂ ಹೇಳಿದರೆಂದು ಖುಷಿಯಿಂದ ಬಂದಳು, ಜೊತೆಗೆ ಕುಸುಮಾಳನ್ನೂ ಕರೆತಂದಳು.

ಬಿಳಿ ಸೀರೆ ಉಟ್ಟ ಕುಸುಮಾ ನನಗೆ ನಮಸ್ಕಾರವನ್ನೂ ಹೇಳದೆ ಸವಿತಾ ಎಲ್ಲಿ ಎಂದಳು. ವಸತಿಯ ಮುಂದೆ ಹುಲ್ಲಿನ ಅಂಗಳವಿತ್ತು. ಸವಿತಾಳಿಗೆ ಪ್ಯಾಡು ಕಟ್ಟಿಸಿ, ಬಲಕ್ಕೆ ಒಂದು ಚೆಂಡು ಉರುಳಿಸಿ, ಬೀಳು ಎಂದಳು. ಸವಿತಾ ಕಾಲು ಚಾಚಿದಳು, ಬೀಳಲಿಲ್ಲ. ಮತ್ತೊಮ್ಮೆ, ಇಲ್ಲ. ಮೂರನೇ ಸಲ ಕುಸುಮಾ ಸೆರಗು ಸಿಕ್ಕಿಸಿಕೊಂಡು, ಅರವತ್ತು ದಾಟಿದ ಹೆಂಗಸು, ಹಬ್ಬದ ಬಿಳಿ ಸೀರೆಯಲ್ಲಿ, ಆ ಹಸಿ ಹುಲ್ಲಿನ ಮೇಲೆ ದಡ್ಡನೆ ಅಡ್ಡ ಬಿದ್ದು ತೋರಿಸಿದಳು. ಸೀರೆಯೆಲ್ಲ ಹಸಿರು ಕಲೆ. ಹುಡುಗಿಯರು ಓಡಿಹೋಗಿ ಎಬ್ಬಿಸಿದರು. ಸವಿತಾ ಕೈಯಲ್ಲಿನ ಗ್ಲೌಸು ಹಿಸುಕುತ್ತ ಹಾಗೆಯೇ ನಿಂತಿದ್ದಳು.

ಕುಸುಮಾ ನನ್ನ ಕಡೆ ತಿರುಗಿದಳು. ಅವಳಿಗೂ ಸಿಟ್ಟು ಬಂದಿತ್ತು, ನನ್ನ ಸಿಟ್ಟಿಗೆ ಸರಿಸಾಟಿಯಾದ ಸಿಟ್ಟು. ಈ ಹುಡುಗಿಗೆ ಚೆಂಡಿನ ಅಂಜಿಕೆ ಇಲ್ಲ, ಬೇರೆ ಏನೋ ಅಂಜಿಕೆ ಇದೆ, ನಿನ್ನ ಭಾಷೆಯಲ್ಲಿ ಕೇಳು ಎಂದಳು.

ನಾನು ಕೇಳಿದೆ. ಕೇಳುವುದೆಂದರೆ ನನಗೆ ಕೂಗುವುದೇ. “ಯಾಕ ಬೀಳವಲ್ಲಿ? ಏನಾಗೈತಿ ನಿನಗ? ಬಾಯಿ ಬಿಡ!”

“ಬಿದ್ರ ಪ್ಯಾಡ್ ಹರೀತಾವ್ರಿ,” ಎಂದಳು ಸವಿತಾ.

“ಹರದ್ರ?”

“ನೀವ ಹೇಳೀರ್ರಿ. ಮೊದಲನೇ ವರ್ಷ. ಇದ್ದದ್ದ ಒಂದ ಜೋಡಿ ಐತಿ, ಹರದಿ ಅಂದ್ರ ನಿನ್ನ ಚರ್ಮಾ ಸುಲದ ಹೊಸಾದ ಮಾಡಸ್ತೀನಿ ಅಂತ. ಎಲ್ಲಾರ ಮುಂದ ಹೇಳಿದ್ರಿ.”

ನನಗೆ ನೆನಪಿಲ್ಲ. ಆದರೆ ಹೇಳಿರುತ್ತೇನೆ. ಅದು ನನ್ನದೇ ಮಾತು, ಯಾರಿಗೂ ಅನುಮಾನ ಬೇಡ.

“ಆ ವರ್ಷ ಎರಡ ಸಲ ಬಿದ್ದಿದ್ದ್ಯಾ. ಎರಡೂ ಸಲ ಹರದಿದ್ದೂ. ಮನಿಗಿ ಒಯ್ದ ಅಜ್ಜನ ಕಡಿಂದ ಹೊಲಿಸಿದ್ಯಾ. ಕಂಬಳಿ ಹೊಲಿಯೂ ದಾರಾ. ನಿಮಗ ಗೊತ್ತಾಗಬಾರದಂತ ಒಳಮಗ್ಗಲ ಹೊಲದಾನ. ಆಮ್ಯಾಲ ಬೀಳೂದ ಬಿಟ್ಯಾ.”

ಅಶ್ವಿನಿಗೆ ಇನ್ನು ತಡೆಯಲಾಗಲಿಲ್ಲ. “ಮತ್ತ ಇನ್ನೊಂದ ಹೇಳ್ತೀನ್ರಿ ಮೇಡಂ, ಬೈದ್ರ ಬೈರಿ. ಕರೋಶಿ ಪಹಿಲಾ ಬಸ್ ಚಿಕ್ಕೋಡಿಗಿ ಮುಟ್ಟೂದ ಸಾಡೇಸಹಾಕ್ಕ, ಆರೂವರಿಗಿ. ಆರಕ್ಕ ಆಕಿ ಹೆಂಗ ಬರಬೇಕ್ರಿ, ಹಾರ್ಕೋತ ಬರಬೇಕಾ? ತೀನ ವರ್ಷ ಶಿಕ್ಷಾ ಕೊಟ್ರಿ ಆಕಿಗಿ.”

ಬೈಯಲು ಬಾಯಿ ತೆರೆದೆ. ಯಾರನ್ನು ಬೈಯಬೇಕು ಎಂದು ತಿಳಿಯಲಿಲ್ಲ. ಇಂಥ ಸ್ಥಿತಿ ನನಗೆ ಎಂದೂ ಬಂದಿರಲಿಲ್ಲ. ಮೂರು ವರ್ಷ ಈ ಹುಡುಗಿ ಗೋಲು ಕಾಯಲಿಲ್ಲ, ಪ್ಯಾಡು ಕಾಯ್ದಳು. ಹೊಲಿಗೆ ಹಾಕುವವರ ಮಗಳು ನಾನು, ಆ ಹೊಲಿಗೆಯನ್ನು ಚೆನ್ನೈಯಲ್ಲಿ ಕಣ್ಣಾರೆ ನೋಡಿ ಮುಂದೆ ನಡೆದಿದ್ದೆ. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಸೀಟಿಯನ್ನು ಬೇಲಿಯ ಆಚೆ ಎಸೆದುಬಿಟ್ಟೆ. ಆಮೇಲೆ ನಮ್ಮ ಹುಡುಗಿಯೊಬ್ಬಳು ಹೋಗಿ ಹುಡುಕಿ ತಂದಳು.

ಕುಸುಮಾಳಿಗೆ ಎಲ್ಲವನ್ನೂ ಹೇಳಿದೆ. ಹೇಳುವುದಕ್ಕೆ ನಾಚಿಕೆಯಾಯಿತು, ಆದರೂ ಹೇಳಿದೆ. ಅವಳು ಅಯ್ಯೋ ಎನ್ನಲಿಲ್ಲ. ಅವರ ಹೊಸ ಪ್ಯಾಡು ತರಿಸಿ ಸವಿತಾಳಿಗೆ ಕಟ್ಟಿಸಿದಳು. ಅಗಲವಾದವು, ಹಗುರವಾದವು. ಸವಿತಾ ಎರಡು ಹೆಜ್ಜೆಗೆ ಒಮ್ಮೆ ಎಡವಿದಳು. ಒಂದು ದಿನದಲ್ಲಿ ಕಾಲಿಗೆ ಪಳಗುವುದಿಲ್ಲ, ತನ್ನದನ್ನೇ ಕಟ್ಟಿಕೊಳ್ಳಲಿ ಎಂದು ಕುಸುಮಾಳೇ ಹೇಳಿದಳು. ಸಂಜೆಯವರೆಗೆ ಹುಲ್ಲಿನ ಮೇಲೆ ಬೀಳುವುದನ್ನು ಕಲಿಸಿದಳು. ಹರಿದರೆ ಹರಿಯಲಿ, ನಾನು ಏನೂ ಅನ್ನುವುದಿಲ್ಲ ಎಂದು ನಾನು ಹತ್ತು ಸಲ ಹೇಳಿದೆ. ಹತ್ತು ಸಲವೂ ಸವಿತಾ “ಹೂಂನ್ರಿ” ಎಂದಳು. ಹಾಕಿ ಬಿಡುವ ಮಾತನ್ನು ಮಾತ್ರ ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ.

ಮೂರನೇ ಪಂದ್ಯ

ಮರುದಿನ ಪ್ಯಾಡಿನ ಪಟ್ಟಿ ಬಿಗಿಯಲು ನಾನೇ ಕುಳಿತೆ. ಸವಿತಾ ಕಾಲು ಹಿಂದಕ್ಕೆ ಎಳೆದುಕೊಂಡಳು. “ಬ್ಯಾಡ್ರಿ ಮೇಡಂ, ನೀವ ಕಾಲ ಮುಟ್ಟಬ್ಯಾಡ್ರಿ.” ಸುಮ್ಮನೆ ನಿಂದರ ಎಂದು ಗದರಿಸಿ ಕಟ್ಟಿದೆ.

ಮೊದಲ ಚೆಂಡಿಗೇ ಅವಳು ಬಿದ್ದಳು. ಚೆಂಡು ಅವಳ ಕಾಲಿಗೆ ತಾಗಿ ಹೊರಗೆ ಹೋಯಿತು. ನಮ್ಮ ಹುಡುಗಿಯರು ಆಡುವುದನ್ನೇ ನಿಲ್ಲಿಸಿ ಹಿಂದಿರುಗಿ ನೋಡಿದರು. ಎದ್ದಳು, ಮತ್ತೆ ಬಿದ್ದಳು. ಎಡಕ್ಕೆ, ಬಲಕ್ಕೆ, ಒಮ್ಮೆ ಮುಂದೆ ಜಾರಿ ಎದುರಾಳಿಯ ಕಾಲ ಬುಡದಿಂದಲೇ ಚೆಂಡು ಒದ್ದಳು. ಆ ಕಡೆಯ ಗೋಲಿನ ಹಿಂದಿನಿಂದ ಕುಸುಮಾ ತನ್ನ ತಂಡವನ್ನು ಮರೆತು ಚಪ್ಪಾಳೆ ಹೊಡೆದಳು. ಅರ್ಧ ಆಟ ಮುಗಿದಾಗ ಎರಡೂ ಕಡೆ ಸೊನ್ನೆ. ಮುಕ್ಕಾಲು ಮುಗಿದಾಗಲೂ ಸೊನ್ನೆ.

ಕೊನೆಗೆ ನಾಲ್ಕು ನಿಮಿಷ ಉಳಿದಿತ್ತು. ಅವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ನಾನು ನಮ್ಮ ಗೋಲಿನ ಮುಂದೆ, ಪಕ್ಕದ ಗೆರೆಯ ಆಚೆ ನಿಂತಿದ್ದೆ. ಅವರ ಹುಡುಗಿ ನೆಲಮಟ್ಟಕ್ಕೆ ಬೀಸಿ ಹೊಡೆದಳು. ಸವಿತಾ ಬಲಕ್ಕೆ ಮೈಚಾಚಿ ಬಿದ್ದಳು. ಚೆಂಡು ಪ್ಯಾಡಿಗೆ ಬಡಿದು ಅಲ್ಲಿಯೇ ಒಂದು ಹೆಜ್ಜೆ ಮುಂದೆ ನಿಂತಿತು. ಅಥಣಿಯಿಂದ ಇಲ್ಲಿಯವರೆಗೆ ಇಡೀ ಹಂಗಾಮಿನಲ್ಲಿ ಅಂಥ ತಡೆ ನಾನು ನೋಡಿರಲಿಲ್ಲ. ಪರ್ ಎಂದು ಸದ್ದಾಯಿತು. ಪ್ಯಾಡು ಉದ್ದಕ್ಕೆ ಸೀಳಿ ಹತ್ತಿ ಹೊರಗೆ ಬಂತು.

ಅವಳು ಎದ್ದು ಚೆಂಡನ್ನು ಒದೆಯಬೇಕಿತ್ತು. ಒಂದು ಕಾಲು ಬೀಸಿದರೆ ಸಾಕಿತ್ತು. ಅವಳು ಚೆಂಡಿನ ಕಡೆ ನೋಡಲಿಲ್ಲ. ಬಿದ್ದಲ್ಲಿಂದಲೇ ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟ ಹೇಗಿತ್ತೆಂದು ಬರೆಯಲು ನನಗೆ ಮನಸ್ಸಿಲ್ಲ. ಅಷ್ಟರಲ್ಲಿ ಅವರ ಇನ್ನೊಬ್ಬ ಹುಡುಗಿ ಓಡಿಬಂದು ಚೆಂಡನ್ನು ಒಳಗೆ ನೂಕಿದಳು.

ಒಂದು ಸೊನ್ನೆ. ಸೋತೆವು. ಕಾರ್ಯದರ್ಶಿಗಳಿಗೆ ಬಹಳ ಸಂತೋಷ. “ಒಂದ! ಬರೇ ಒಂದ ರೀ ಮೇಡಂ! ಸುಧಾರಿಸೀವಿ!” ಎಂದು ಎಲ್ಲರ ಕೈ ಕುಲುಕಿದರು. ಸವಿತಾ ಹರಿದ ಪ್ಯಾಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು.

“ತಪ್ಪಾತ್ರಿ ಮೇಡಂ. ಹರೀತ್ರಿ.”

ಗೋಲಿನ ಬಗ್ಗೆ ಒಂದು ಮಾತಿಲ್ಲ. ಕ್ಷಮೆ ಕೇಳಿದ್ದು ಪ್ಯಾಡಿನ ಸಲುವಾಗಿ. ಹುಟ್ಟಿದಾಗಿನಿಂದ ಮಾತಿಗೆ ತಡವರಿಸದವಳು ಸುಮ್ಮನೆ ನಿಂತೆ.

“ಬೈರಿ ಮೇಡಂ,” ಎಂದಳು. “ನೀವ ಸುಮ್ನ ನಿಂತ್ರ ಇನ್ನೂ ಅಂಜಿಕಿ ಬರತೈತ್ರಿ.”

ತಿರುಗಿ ಕೊಲಂಬೊಗೆ

ಮರುದಿನ ಬಸ್ಸು ಹೊರಟಿತು. ಈ ಸಲ ಕಾರ್ಯದರ್ಶಿಗಳು ಮುಂದಿನ ಸೀಟು ಬಿಟ್ಟು ನನ್ನ ಪಕ್ಕದಲ್ಲಿ ಕುಳಿತರು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲನೆ ವಿಷಯ ತೆಗೆದರು. “ಮೇಡಂ, ಕಾಲೇಜಿನ ಸಾಮಾನ ಹರದಬಂದೈತಿ. ನಾಳೆ ಮೀಟಿಂಗಿನ್ಯಾಗ ಕೇಳ್ತಾರ. ಯಾರ ಹರದ್ರಂತ ಬರಿಯೂದ್ರಿ?”

“ನಾ ಹರದೇನಿ ಅಂತ ಬರೀರಿ,” ಎಂದೆ.

“ಏ, ನೀವೆಲ್ಲಿ ಆಡಿದ್ರಿ?”

“ಬರೀರಿ ಅಂದ್ನೆಲ್ಲ! ಆ ಹನ್ನೆರಡನೇ ಗೋಲ ಯಾರ ಬಿಟ್ರು ಅಂತ ಕೇಳಿದ್ರೂ ನನ್ನ ಹೆಸರ ಬರೀರಿ! ಮೂರ ವರ್ಷ ಆಕೀಗಿ ಚೆಂಡ ನೋಡೂದ ಕಲಿಸಲಿಲ್ಲ ನಾ, ನನ್ನ ಮಾರಿ ನೋಡೂದ ಕಲಿಸೇನಿ! ಅದನ್ನೂ ಬರೀರಿ ನಿಮ್ಮ ಮೀಟಿಂಗಿನ್ಯಾಗ!”

ನನ್ನ ದನಿಗೆ ಬಸ್ಸಿನ ಹಾಡು ನಿಂತಿತು. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಕಾರ್ಯದರ್ಶಿಗಳು ಎದ್ದು ಬೇರೆ ಸೀಟಿಗೆ ಹೋದರು. ನಾನು ಹಿಂದೆ ತಿರುಗಿದೆ. ಕೊನೆಯ ಸೀಟಿನಲ್ಲಿ ಸವಿತಾ ಚೀಲವನ್ನು ಕಾಲಮೇಲೆ ಇಟ್ಟುಕೊಂಡು ಕುಳಿತಿದ್ದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆ ಸಿಟ್ಟಿನಲ್ಲಿಯೇ ಕೇಳಿದೆ.

“ಸವಿತಾ, ಇನ್ನ ಮ್ಯಾಲೆ ಅಭ್ಯಾಸ ಏಳಕ್ಕ. ತಡಾ ಮಾಡಿ ಬಂದವ್ರು ಗೋಲಿಗಿ ನಿಂದರೂದಿಲ್ಲ. ನಿನಗ ಎಲ್ಲಿ ಆಡಬೇಕಂತೈತಿ ಅಲ್ಲಿ ಆಡ, ಮುಂದ ಬೇಕಾದ್ರ ಮುಂದ ಆಡ. ಬಿಡ್ತಿ ಅಂದ್ರ ಬಿಡ, ನಾ ತಡಿಯೂದಿಲ್ಲ. ಏನ ಹೇಳ್ತಿ?”

ಅವಳು ಹೊರಗೆ ನೋಡಿದಳು. ಬಸ್ಸು ಒಂದು ಸೇತುವೆ ದಾಟಿತು.

“ಗೋಲನ್ಯಾಗ ನಿಲ್ತೀನ್ರಿ,” ಎಂದಳು ಕೊನೆಗೆ. “ಆದ್ರ ನೀವ ಗೋಲಿನ ಹಿಂದ ನಿಂದರ್ರಿ ಮೇಡಂ. ಎದರಿಗಿ ನಿಂತ್ರ ನಾ ಚೆಂಡ ಬಿಟ್ಟ ನಿಮ್ಮನ್ನ ನೋಡ್ತೀನಿ.”

ಉಳಿದ ಹದಿನೈದು ಹುಡುಗಿಯರಲ್ಲಿ ಒಬ್ಬಳೂ ನಗಲಿಲ್ಲ.